ಕಾಕಾನ ಪ್ರೆಸ್ಸು, ಎಂಟು ಪೋರ್ಟಿನ ಸ್ವಿಚ್ಚು, ಹಾಳಾದ ನನ್ನ ರವಿವಾರ

ಗದಗದಾಗ ನಮ್ಮ ಕಾಕಾಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಐತಿ. ಲಗ್ನಪತ್ರಿಕಾ ಪ್ರೂಫ್ ನೋಡಾಕ ಬಂದ ಮಂದಿ ಕುಂತಕೂಡ್ಲೆ ಕೇಳೂದು ವೈಫೈ ಪಾಸ್‌ವರ್ಡು, ಕಾಕಾ ಇಲ್ಲ ಅನ್ನಂಗಿಲ್ಲ, ಹೋದ ತಿಂಗಳ ಯಾರದೋ ಹುಡುಗ ಫೋನಿಂದನ ಒಳಗಿನ ಕಲರ್ ಪ್ರಿಂಟರಿಗೆ ಕಾರ್ಟೂನ್ ಕಳಿಸಿ 22 ಹಾಳಿ ಹೊರಗ ತಗದಾನ. "ತಮ್ಮಾ, ಕಂಪ್ಯೂಟರ್ ಕಲ್ತಾಂವ ಅಲ್ಲೇನೋ ನೀ, ಏನರ ಮಾಡು" ಅಂತ ಫೋನು. ಹುಬ್ಬಳ್ಳಿಯಾಗ ಒಂದು ಮ್ಯಾನೇಜ್ಡ್ ಸ್ವಿಚ್ಚು (ನೆಟ್ ವೈರ್ ಕೂಡಿಸೂ ಡಬ್ಬಿ, ಪೋರ್ಟಿಗೊಂದು ಸೆಟ್ಟಿಂಗ್ ಹಾಕಾಕ ಬರೂದು), ವಿಲ್ಯಾನ್, ಅಂದ್ರ ಒಂದ ನೆಟ್ವರ್ಕಿನ್ಯಾಗ ಬ್ಯಾರೆ ಬ್ಯಾರೆ ಪಾಲು ಮಾಡೂದು, ತಿಳಿಯೂ ರೌಟರ್ ತಗೊಂಡು ಬಸ್ ಹತ್ತಿದೆ.

ವಿಲ್ಯಾನ್ 10 ಪ್ರೆಸ್ಸಿನ ಕಂಪ್ಯೂಟರ್-ಪ್ರಿಂಟರಿಗೆ, 20 ಕ್ಯಾಮೆರಾಕ್ಕ, 30 ಬಂದವರ ವೈಫೈಗೆ. (ನಂಬರ್ 4094ರ ತನಕ ಯಾವದರ ಹಾಕ್ರಿ, 802.1ಕ್ಯೂ ಅನ್ನೂ ವಿಲ್ಯಾನ್ ಸ್ಟ್ಯಾಂಡರ್ಡಿನ ಟ್ಯಾಗಿನ್ಯಾಗ ಅದಕ್ಕಂತನ 12 ಬಿಟ್ ಇಟ್ಟಾರ.) ರೌಟರಿಗೆ ಹೋಗೂ 1ನೇ ಪೋರ್ಟಿನ್ಯಾಗ ಮೂರೂ ಟ್ಯಾಗ್ಡ್, ಒಂದ ವೈರಿನ್ಯಾಗ ಮೂರರ ಡೇಟಾ ಹೋಗ್ಬೇಕಲಾ, ಯಾವದು ಯಾರದು ಅಂತ ಚೀಟಿ ಬೇಕು. ಉಳಿದ ಪೋರ್ಟ್ ಒಂದೊಂದೂ ಒಂದ ವಿಲ್ಯಾನಿಂದು, ಚೀಟಿ ಬ್ಯಾಡ, ಅದಕ್ಕ ಅನ್‌ಟ್ಯಾಗ್ಡ್.

ಎಲ್ಲಾ ಮಾಡಿ ನೋಡಿದ್ರ ಕ್ಯಾಮೆರಾದ ಪರದೆ ಪೂರಾ ಕರ್ರಗ. ಎರಡು ತಾಸು ವೈರ್ ಬದಲಿ ಮಾಡಿದ್ದ ಮಾಡಿದ್ದು, ನಡುವ ಗಿರ್ಮಿಟ್ ಮಿರ್ಚಿ ಬೇರೆ ಆತು, ಆಮ್ಯಾಲೆ ಕಣ್ಣಿಗೆ ಬಿತ್ತು, ಪಿವಿಐಡಿಗೆ (ಪೋರ್ಟಿನ ವಿಲ್ಯಾನ್ ನಂಬರಿಗೆ) ಅಂತ ಬ್ಯಾರೇನ ಪೇಜ್ ಐತಿ! ಅನ್‌ಟ್ಯಾಗ್ಡ್ ಅನ್ನೂದು ಪೋರ್ಟಿಂದ ಹೊರಗ ಹೋಗೂ ಡೇಟಾದ ಮಾತು, ಟ್ಯಾಗ್ ಇಲ್ದ ಒಳಗ ಬರೂದು ಯಾವ ವಿಲ್ಯಾನಿಗೆ ಸೇರ್ಬೇಕು ಅನ್ನೂದನ್ನ ಪಿವಿಐಡಿ ಹೇಳ್ತೈತಿ. ನನ್ನ ಪಿವಿಐಡಿ ಎಲ್ಲಾ ಇನ್ನೂ ಮೊದಲಿನ 1 ಇದ್ದವು, ಆದ್ರ ಆ ಪೋರ್ಟುಗಳನ್ನ ವಿಲ್ಯಾನ್ 1ರಿಂದ ನಾನ ತಗದಿದ್ದೆ, ಹಿಂಗಾಗಿ ಕ್ಯಾಮೆರಾ ಕಳಿಸಿದ್ದು ರೆಕಾರ್ಡರಿಗೆ ಮುಟ್ಟವಲ್ದಾಗಿತ್ತು. ಸಿಸ್ಕೋ ಕಂಪನಿ ಸ್ವಿಚ್ಚಿನ್ಯಾಗ ಆಕ್ಸೆಸ್ ವಿಲ್ಯಾನ್ 20 ಅಂತ ಕೊಟ್ರ ಎರಡೂ ಒಮ್ಮೆಗೇ ಆಗ್ತಾವು, ಅದ ರೂಢಿ ನನಗ.

ಸಿಟ್ಟಿನ್ಯಾಗ ಎಲ್ಲಾ ಪೋರ್ಟ್ ಟಿಕ್ ಮಾಡಿ ಪಿವಿಐಡಿ 20 ಹೊಡದು ಅಪ್ಲೈ ಒತ್ತಿದೆ, ನನ್ನ ಲ್ಯಾಪ್‌ಟಾಪ್ ಹಚ್ಚಿದ್ದ 8ನೇ ಪೋರ್ಟೂ ಅದರಾಗ ಬಂತು. ಸ್ವಿಚ್ಚಿನ ಸೆಟ್ಟಿಂಗ್ ಇರೂದು ವಿಲ್ಯಾನ್ 1ರಾಗ, ನಾ ಇರೂದು 20ರಾಗ, ಪೇಜ್ ಗರಗರ ತಿರಗಾಕತ್ತಿತು. ಪುಣ್ಯಾಕ್ಕ ಸೇವ್ ಒತ್ತಿರಲಿಲ್ಲ, ಕರೆಂಟ್ ತಗದು ಹಚ್ಚಿದ್ರ ಹಳೇದಕ್ಕ ಬಂತು, ಮುಂಜಾನಿಂದ ಮಾಡಿದ್ದೂ ಅದರ ಜೋಡಿ ಹೋತು.

ಎರಡನೇ ಸಲ ಅರ್ಧ ತಾಸಿನ್ಯಾಗ ಮುಗೀತು. ಫೋನಿನ್ಯಾಗ ಪ್ರಿಂಟರ್ ಹೆಸರು ಕಾಣೂದೇನೋ ನಿಂತ್ತು, ಆದ್ರ ಪ್ರಿಂಟರಿನ ಐಪಿ ವಿಳಾಸ ಹಾಕಿದ್ರ ರೌಟರ್ ತಾನ ದಾಟಿಸಿ ಕೊಡ್ತಿತ್ತು, ಫೈರ್‌ವಾಲಿನ್ಯಾಗ 30ರಿಂದ 10ಕ್ಕೂ 20ಕ್ಕೂ ಬಂದ್ ಅಂತ ಬರೀಬೇಕಾತು.

8ನೇ ಪೋರ್ಟ್ ಸೆಟ್ಟಿಂಗಿಗೆ ಅಂತ ವಿಲ್ಯಾನ್ 1ರಾಗನ ಬಿಟ್ಟು (ಅದರಾಗ ನೆಟ್ ಇಲ್ಲ), ಟೇಪ್ ಹಚ್ಚಿ "ಮುಟ್ಟಬ್ಯಾಡ್ರಿ" ಅಂತ ಬರದು ಬಂದೆ. ಮೊನ್ನೆ ಕಾಕಾನ ಫೋನು: "ಟಿವಿಗೆ ನೆಟ್ ಬರವಲ್ದೋ ತಮ್ಮಾ, ಸ್ವಿಚ್ಚಿನ್ಯಾಗ ಒಂದು ಖಾಲಿ ಇತ್ತಲಾ, ಟೇಪ್ ಕಿತ್ತು ಅಲ್ಲೇ ಹಚ್ಚೀನಿ."