ಭ್ರೂಣವನ್ನು ಆಮೇಲೆ ನೋಡಿ
ರೀಸಸ್ ಕೋತಿಯ ಗರ್ಭಕೋಶದ ಸ್ಲೈಡನ್ನು ಹೊಸಬರ ಕೈಗೆ ಕೊಟ್ಟರೆ ಎಲ್ಲರೂ ಮೊದಲು ಹುಡುಕುವುದು ಭ್ರೂಣವನ್ನೇ. ಅದು ಕಂಡ ಕೂಡಲೇ ನೋಟ ಅಲ್ಲಿಗೇ ಅಂಟಿಕೊಂಡುಬಿಡುತ್ತದೆ. ಅಂಗಾಂಶದ ಸ್ಲೈಡುಗಳನ್ನು ಓದುವುದೇ ನನ್ನ ಕೆಲಸ. ಪಕ್ಕದಲ್ಲಿ ಕುಳಿತವರಿಗೆ ನಾನು ಹೇಳುವುದು ಒಂದೇ: ಭ್ರೂಣ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಸುತ್ತಲಿನ ಒಳಪದರ ಏನು ಮಾಡುತ್ತಿದೆ ನೋಡಿ. ಬೀಜ, ಕ್ಷೇತ್ರ ಎಂಬ ಹಳೆಯ ಹೋಲಿಕೆ ಇಲ್ಲಿ ಉಪಯೋಗಕ್ಕೆ ಬಾರದು. ಈ ಕ್ಷೇತ್ರ ಸುಮ್ಮನೆ ಬಿದ್ದಿರುವುದಿಲ್ಲ.

ರೀಸಸ್ ಕೋತಿಯಲ್ಲಿ ಅಂಡೋತ್ಸರ್ಗವಾದ ಸುಮಾರು 9ನೇ ದಿನಕ್ಕೆ ಭ್ರೂಣ ಅಂಟಿಕೊಳ್ಳಲು ತೊಡಗುತ್ತದೆ. ಅದರ ಹೊರಪದರವಾದ ಟ್ರೋಫೋಬ್ಲಾಸ್ಟ್ ಗರ್ಭಕೋಶದ ಒಳಪದರವನ್ನು ಹೊದೆದಿರುವ ಮೇಲ್ಪದರದ (ಎಪಿಥೀಲಿಯಂ) ಎರಡು ಕೋಶಗಳ ನಡುವಿನ ಸಂದಿಯಲ್ಲಿ ತೂರಿಕೊಳ್ಳುತ್ತದೆ. ಒಡೆದು ನುಗ್ಗುವ ರಭಸ ಆ ಹೊತ್ತಿಗೆ ಕಾಣುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಾಯಿಯ ಕೋಶವೂ ಟ್ರೋಫೋಬ್ಲಾಸ್ಟೂ ಕೋಶಸಂಧಿಗಳಿಂದ ಒಂದಕ್ಕೊಂದು ಬಿಗಿದುಕೊಂಡಿರುವುದು ಕಾಣುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಬೆರಗು ಹುಟ್ಟಿಸುವ ಚಿತ್ರ ಅದು.

ಅಲ್ಲಿಂದ ಮುಂದೆ ಒಳಪದರ ತನ್ನ ಕೆಲಸ ಶುರುಮಾಡುತ್ತದೆ. ಮೇಲ್ಪದರದ ಕೋಶಗಳು, ಗ್ರಂಥಿಗಳ ಕತ್ತಿನ ಭಾಗದ ಕೋಶಗಳು ವಿಭಜಿಸಿ, ಉಬ್ಬಿ, ಗ್ಲೈಕೋಜೆನ್ ಎಂಬ ಶರ್ಕರದ ದಾಸ್ತಾನು ತುಂಬಿಕೊಂಡು ದಪ್ಪ ದಿಂಡುಗಳಾಗುತ್ತವೆ. ಇದಕ್ಕೆ ಎಪಿಥೀಲಿಯಲ್ ಪ್ಲಾಕ್ ಎಂದು ಹೆಸರು. ತೊಡಕು ಇರುವುದೂ ಇಲ್ಲೇ: ದೊಡ್ಡ, ತಿಳಿ ಬಣ್ಣದ ಈ ಕೋಶಗಳು ಆಳಕ್ಕೆ ಇಳಿಯುತ್ತಿರುವ ಟ್ರೋಫೋಬ್ಲಾಸ್ಟಿನಂತೆಯೇ ಕಾಣುತ್ತವೆ. ಎಪಿಥೀಲಿಯಂ ಕೋಶಗಳಲ್ಲಿರುವ ಸೈಟೊಕೆರಾಟಿನ್ ಎಂಬ ಪ್ರೋಟೀನನ್ನು ತೋರಿಸುವ ಬಣ್ಣ ಹಾಕಿದರೆ ತೀರ್ಮಾನವಾಗುತ್ತದೆ ಎನ್ನುವವರಿದ್ದಾರೆ. ಆಗುವುದಿಲ್ಲ. ಎರಡೂ ಎಪಿಥೀಲಿಯಂ ಜಾತಿಯವೇ ಆದ್ದರಿಂದ ಎರಡೂ ಬಣ್ಣ ಹಿಡಿಯುತ್ತವೆ. ಗ್ಲೈಕೋಜೆನ್ನಿಗೆ ಕೆನ್ನೀಲಿಗೆಂಪು ಹಿಡಿಸುವ ಪಿಎಎಸ್ ಬಣ್ಣ ಹಾಕಿ, ಪಕ್ಕದ ಸ್ಲೈಡಿಗೆ ಗ್ಲೈಕೋಜೆನ್ ಕರಗಿಸುವ ಡಯಾಸ್ಟೇಸ್ ಕಿಣ್ವವನ್ನು ಮೊದಲು ಕೊಟ್ಟು ಹೋಲಿಸಿದರೆ ಅದರಲ್ಲಿ ಆ ಬಣ್ಣ ಮಾಯವಾಗಿ, ಅಲ್ಲಿದ್ದದ್ದು ಗ್ಲೈಕೋಜೆನ್ ಎಂಬುದು ಖಚಿತವಾಗುತ್ತದೆ. ಆದರೆ ಗ್ಲೈಕೋಜೆನ್ ಒಂದನ್ನೇ ನಂಬಿ ಕೋಶದ ಕುಲ ಹೇಳುವುದು ಸರಿಯಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ತಾಳ್ಮೆಯಿಂದ, ಅಷ್ಟೇ. ಅಂಗಾಂಶವನ್ನು ತೆಳುವಾಗಿ ಕೊಯ್ಯುವ ಯಂತ್ರವಾದ ಮೈಕ್ರೋಟೋಮಿನಿಂದ ಸಾಲಾಗಿ ಬಂದ ಸೀಳುಗಳನ್ನು ಒಂದೂ ಬಿಡದೆ ನೋಡುತ್ತ ಹೋಗಬೇಕು. ಅನುಮಾನದ ಕೋಶಗುಂಪು ಕೊನೆಗೆ ಗ್ರಂಥಿಯ ಕತ್ತಿಗೆ ಸೇರಿದರೆ ಅದು ತಾಯಿಯದು. ಭ್ರೂಣದ ಹೊರಪದರಕ್ಕೆ ಸೇರಿದರೆ ಟ್ರೋಫೋಬ್ಲಾಸ್ಟ್. ನಡುವೆ ಒಂದೆರಡು ಸೀಳು ಕಳೆದುಹೋಗಿದ್ದರೆ ನಾನು ವರದಿಯಲ್ಲಿ ‘ನಿರ್ಧರಿಸಲಾಗದು’ ಎಂದು ಬರೆಯುತ್ತೇನೆ. ಇದಕ್ಕೆ ಮುಖ ಸಿಂಡರಿಸುವವರು ಸಿಂಡರಿಸಲಿ.

ಗರ್ಭಕೋಶದ ಎದುರಿನ ಗೋಡೆಯನ್ನೂ ಮರೆಯಬಾರದು. ರೀಸಸ್ ಕೋತಿಯ ಭ್ರೂಣ ಒಳಪದರದಲ್ಲಿ ಹೂತುಕೊಳ್ಳದೆ ಮೇಲ್ಮೈಯಲ್ಲೇ ಬೆಳೆದು, ಕೆಲವು ದಿನಗಳಲ್ಲಿ ಎದುರು ಗೋಡೆಯನ್ನೂ ಮುಟ್ಟುತ್ತದೆ. ಆದ್ದರಿಂದಲೇ ಅದಕ್ಕೆ ಸಾಮಾನ್ಯವಾಗಿ ಎರಡು ಬಿಲ್ಲೆಗಳ ಮಾಸು. ಪ್ಲಾಕ್ ಆ ಗೋಡೆಯಲ್ಲೂ ಏಳುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇದಕ್ಕೆ ಭ್ರೂಣವೇ ಬೇಕೆಂದಿಲ್ಲ. ಪ್ರೊಜೆಸ್ಟರಾನ್ ಹಾರ್ಮೋನಿನ ಪ್ರಭಾವದಲ್ಲಿರುವ ಒಳಪದರಕ್ಕೆ ಗಾಯ ಮಾಡಿದಾಗಲೂ ರೀಸಸ್ ಕೋತಿಯಲ್ಲಿ ಇಂಥದೇ ಬೆಳವಣಿಗೆ ಕಂಡಿದೆ. ಬಬೂನಿನಲ್ಲಿ ಭ್ರೂಣವಿಲ್ಲದೆಯೇ, ಭ್ರೂಣ ಸ್ರವಿಸುವ ಕೋರಿಯಾನಿಕ್ ಗೊನಡೊಟ್ರೋಪಿನ್ ಹಾರ್ಮೋನನ್ನು ಗರ್ಭಕೋಶಕ್ಕೆ ಹಾಯಿಸಿದಾಗಲೂ ಪ್ಲಾಕ್ ಎದ್ದಿದೆ. ಅಂದರೆ ಉತ್ತರ ಒಳಪದರದಲ್ಲಿ ಮೊದಲೇ ಸಿದ್ಧವಾಗಿರುತ್ತದೆ, ಕರೆ ಬರಬೇಕು ಅಷ್ಟೇ.

ಇದನ್ನೆಲ್ಲ ಮನುಷ್ಯರಿಗೆ ಹಾಗೆಯೇ ಅನ್ವಯಿಸುವ ಆತುರ ಹಲವರಿಗಿದೆ. ಮನುಷ್ಯರ ಭ್ರೂಣ ಒಳಪದರದೊಳಕ್ಕೆ ಪೂರ್ತಿ ಇಳಿಯುತ್ತದೆ, ಮೇಲ್ಪದರ ಅದರ ಮೇಲೆ ಮುಚ್ಚಿಕೊಳ್ಳುತ್ತದೆ. ಇಂಥ ಪ್ಲಾಕ್ ಅಲ್ಲಿ ಕಾಣುವುದಿಲ್ಲ. ಅಲ್ಲಿ ಮುಖ್ಯವಾಗಿ ಬದಲಾಗುವುದು ಮೇಲ್ಪದರದ ಕೆಳಗಿನ ಸಂಯೋಜಕ ಅಂಗಾಂಶ. ಅದೂ ಭ್ರೂಣಕ್ಕಾಗಿ ಕಾಯದೆ, ಪ್ರತಿ ಋತುಚಕ್ರದ ಕೊನೆಯ ಭಾಗದಲ್ಲಿ ಸುರುಳಿ ಅಪಧಮನಿಗಳ ಸುತ್ತ ತಾನಾಗಿಯೇ ಆರಂಭವಾಗುತ್ತದೆ. ಇಲಿಯಲ್ಲಾದರೋ ಆ ಬದಲಾವಣೆಗೆ ಭ್ರೂಣದ ಸೂಚನೆ ಬೇಕು. ಹೀಗಾಗಿ ವರದಿಯ ಮೊದಲ ಸಾಲಿನಲ್ಲೇ ಪ್ರಾಣಿಯ ಹೆಸರು ಇರಬೇಕೆಂದು ನಾನು ಹಟ ಹಿಡಿಯುತ್ತೇನೆ.

ಜೊತೆಗೆ ದಿನವೂ ಬೇಕು. ಪ್ಲಾಕ್ ಬೇಗ ಬೆಳೆದು, ಬಳಿಕ ಕ್ಷೀಣಿಸಿ ಅಳಿದುಹೋಗುವಂಥದು. ಸಾಯುತ್ತಿರುವ ಪ್ಲಾಕ್ ಕೋಶಗಳನ್ನು ಕಂಡು ಗರ್ಭಕ್ಕೇ ಏನೋ ಕೆಟ್ಟದ್ದಾಗಿದೆ ಎಂದು ಬರೆಯುವುದು ಸುಲಭ. ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕಿನ ಚೀಟಿಯಲ್ಲಿ ಅಂಡೋತ್ಸರ್ಗದಿಂದ ಎಷ್ಟನೆಯ ದಿನ ಎಂಬುದಿಲ್ಲದಿದ್ದರೆ, ಕಳುಹಿಸಿದವರನ್ನು ಕೇಳಿ ಬರೆಸಿಕೊಂಡ ಮೇಲೆಯೇ ನಾನು ಸೀಳಲು ಕೂರುವುದು.