ಸೊನ್ನೆಗೆ ತಾ

ನಾನು ನುಡಿಸುವ ಕೀಬೋರ್ಡಿನ ಮೂಲೆಯಲ್ಲಿ ಒಂದು ತುಂಡು ಪ್ಲಾಸ್ಟರ್ ಅಂಟಿಸಿದ್ದೇನೆ. ಅದರ ಮೇಲೆ ಬಾಲ್ ಪೆನ್ನಿನಲ್ಲಿ ‘ಸೊನ್ನೆಗೆ ತಾ’ ಅಂತ ಬರೆದಿದೆ. ಪಾಠಕ್ಕೆ ಬರುವ ಒಬ್ಬ ಹುಡುಗ ಅದನ್ನು ಯಾವುದೋ ಮಂತ್ರ ಅಂದುಕೊಂಡಿದ್ದ. ಅವನಿಗೆ ನಗುತ್ತಾ ಹೇಳಿದ ಕಥೆಯನ್ನು ಇಲ್ಲೂ ಬರೆಯೋಣ ಅನ್ನಿಸಿತು.

ನಮ್ಮೂರು ಪಾಂಡವಪುರದ ಕಡೆ. ಕಬ್ಬಿನ ದುಡ್ಡು ಕೈಗೆ ಬಂತೋ, ಕುರುಕ್ಷೇತ್ರ ನಾಟಕ ಆಡಲೇಬೇಕು. ಪಾತ್ರಕ್ಕೆ ದುಡ್ಡು ಕೊಡುವವನು ನಟನೇ. ದುರ್ಯೋಧನನಿಗೆ, ಕೃಷ್ಣನಿಗೆ ರೇಟು ಜಾಸ್ತಿ. ಹಾಡು ಕಲಿಸಲು ಬರುವ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿಯುತ್ತಿದ್ದರು. ಅವರ ಪೆಟ್ಟಿಗೆ ಹೊರುತ್ತಿದ್ದವನು ನಾನು. ಹೊತ್ತ ಕೂಲಿಗೆ ಪಾಠ.

ನಾಟಕದಲ್ಲಿ ಕಂದ, ವೃತ್ತ ಅನ್ನುವ ಪದ್ಯಗಳಿಗೆ ತಾಳ ಇರುವುದಿಲ್ಲ. ನಟನಿಗೆ ಉಸಿರಿರುವಷ್ಟು ಹೊತ್ತು ಎಳೆಯುತ್ತಾನೆ. ಜನ ಶಿಳ್ಳೆ ಹೊಡೆದರೆ ಇನ್ನೂ ಸ್ವಲ್ಪ ಎಳೆಯುತ್ತಾನೆ. ಎಲ್ಲಿ ನಿಲ್ಲಿಸುತ್ತಾನೆ ಅಂತ ಅವನಿಗೇ ಗೊತ್ತಿರುವುದಿಲ್ಲ. ‘ಕೈ ನೋಡ್ಕೋಬ್ಯಾಡ ಕಣ್ಲಾ, ಅವನ ಬಾಯಿ ನೋಡು’ ಅನ್ನುತ್ತಿದ್ದರು ಮೇಷ್ಟ್ರು. ಈಗ 37 ವರ್ಷ ಆಯಿತು. ನಾನು ಕಲಿತ ವಿದ್ಯೆಯಲ್ಲಿ ಮುಕ್ಕಾಲು ಪಾಲು ಅದೇ.

ಮೊದಲ ಸಲ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡು, ನೋಡಿದ್ದು ಮಂಡ್ಯದಲ್ಲಿ, ಒಂದು ಗಣೇಶನ ರಸಮಂಜರಿಯಲ್ಲಿ. ಬೆಂಗಳೂರಿನ ತಂಡದವರು ಯಮಹಾ ಡಿಎಕ್ಸ್7 ತಂದಿದ್ದರು. ಅದು 1983ರಲ್ಲಿ ಬಂದ ಮಾಡೆಲ್, 61 ಮನೆ, ಅಂದರೆ ಕೀಲಿ. ಗುಂಡಿಗಳು ಎದ್ದು ನಿಂತಿರಲಿಲ್ಲ, ಮೈಗೆ ಅಂಟಿದ ಹಾಗೆ ಚಪ್ಪಟೆ. ಅದರ ಗಂಟೆಯ ದನಿ ಕೇಳಿ ನಾನು ವೇದಿಕೆ ಹತ್ತಿ ಹಿಂದೆಲ್ಲಾ ಹುಡುಕಿದ್ದೆ, ಯಾರಾದರೂ ಗಂಟೆ ಬಾರಿಸುತ್ತಿದ್ದಾರಾ ಅಂತ. ಆದರೆ ಅದರ ಕ್ಲಾರಿಯೋನೆಟ್ ಯಾರನ್ನೂ ಏಮಾರಿಸುತ್ತಿರಲಿಲ್ಲ. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಅಲುಗಿಸಿ, ಲೆಕ್ಕದಲ್ಲೇ ಹುಟ್ಟಿಸಿದ ದನಿ ಅದು. 1988ರಲ್ಲಿ ಕೋರ್ಗ್ ಎಂ1 ಬಂತು. ಅದರಲ್ಲಿದ್ದದ್ದು ನಿಜವಾದ ವಾದ್ಯಗಳನ್ನು ರೆಕಾರ್ಡ್ ಮಾಡಿ ತುಂಬಿದ ದನಿ. ಇದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ನನ್ನ ಮೊದಲ ಕೀಬೋರ್ಡು ನನ್ನದಲ್ಲ, ರಾತ್ರಿ ಲೆಕ್ಕದ ಬಾಡಿಗೆಯದು. ಬಸ್ಸಿನಲ್ಲಿ ಅದಕ್ಕೂ ಲಗೇಜ್ ಟಿಕೆಟ್. ಸ್ವಂತದ್ದು ಕೊಂಡ ಮೇಲೆ ನುಡಿಸದ ಜಾಗವಿಲ್ಲ. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ರಸಮಂಜರಿ, ಡಿಸೆಂಬರ್‌ನಲ್ಲಿ ಚರ್ಚಿನ ಕ್ಯಾರಲ್, ಛತ್ರಗಳಲ್ಲಿ ರಿಸೆಪ್ಷನ್, ಮಧ್ಯೆ ಮಧ್ಯೆ ನಾಟಕ. ಊರಮ್ಮಂದಿರ ಕ್ಯಾಸೆಟ್‌ಗಳಿಗೆ ರಾಗ ಹಾಕಿದೆ. ಲೋಕಲ್ ಕೇಬಲ್‌ನಲ್ಲಿ ಸೀರೆ ಅಂಗಡಿಯ ಜಾಹೀರಾತಿಗೂ ಹಾಕಿದೆ. ಅದು 20 ಸೆಕೆಂಡಿನದು. ನಾನು ಮಾಡಿದ್ದರಲ್ಲಿ ಜನ ಗುನುಗಿದ್ದು ಅದೊಂದೇ. ಹೆಸರು ಮಾತ್ರ ಯಾವುದರಲ್ಲೂ ಇಲ್ಲ.

ಮೈಸೂರಿಗೆ ಬಂದ ಮೇಲೆ ಶಾಸ್ತ್ರೀಯದ ಹುಚ್ಚು ಹತ್ತಿತು. ಇಲ್ಲಿ ಪಿಯಾನೋ ಅಂದರೆ ಜಯಚಾಮರಾಜ ಒಡೆಯರ್ ನೆನಪು ಬರಬೇಕು. ಮೆಡ್ಟ್ನರ್ ಅನ್ನುವ ರಷ್ಯಾದ ಸಂಗೀತಗಾರನ ಕೃತಿಗಳನ್ನು ಇಲ್ಲಿಂದ ದುಡ್ಡು ಕಳಿಸಿ ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದವರು ಅವರು. ಆತ ತನ್ನ ಮೂರನೇ ಪಿಯಾನೋ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ. ಅದೇ ಒಡೆಯರ್ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಎರಡೂ ಒಂದೇ ತಲೆಯಲ್ಲಿ ಇರಬಹುದಾದರೆ ಒಂದೇ ಕೀಬೋರ್ಡಿನಲ್ಲಿ ಯಾಕೆ ಇರಬಾರದು ಅಂತ ನನಗೆ ಭಂಡ ಧೈರ್ಯ.

ತೊಂದರೆ ಗಮಕದ್ದು, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವುದರದ್ದು. ಕೀಲಿ ಒತ್ತಿದರೆ ಸ್ವರ ಗೂಟ ಹೊಡೆದ ಹಾಗೆ ನಿಲ್ಲುತ್ತದೆ. ಇದೇ ತಕರಾರಿನಿಂದ ಆಲ್ ಇಂಡಿಯಾ ರೇಡಿಯೋ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಕೀಬೋರ್ಡಿಗೆ ಎಡಗಡೆ ಪಿಚ್ ಬೆಂಡ್ ಚಕ್ರ ಇದೆ. ತಿರುಗಿಸಿದರೆ ಸ್ವರ ಜಾರುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಎಡಗೈ ಪೂರ್ತಿ ಅದಕ್ಕೇ ಮೀಸಲು. ಎರಡು ವರ್ಷ ತೋಡಿ ರಾಗ ಸಾಧನೆ ಮಾಡಿ ಒಬ್ಬ ವೀಣೆ ವಿದುಷಿಯ ಮುಂದೆ ನುಡಿಸಿದೆ. ‘ನಿಮ್ಮ ಗಾಂಧಾರಕ್ಕೆ ಚಳಿಜ್ವರ ಬಂದಿದೆಯಲ್ರೀ’ ಅಂದರು. ಸರಿಯಾಗೇ ಅಂದರು. ಅಷ್ಟು ಗಮಕ ಬೇಡದ ಮೋಹನ, ಹಂಸಧ್ವನಿ ರಾಗಗಳಿಗೆ ವಾಪಸ್ ಬಂದೆ.

ಇನ್ನು ಆ ಪ್ಲಾಸ್ಟರ್ ಚೀಟಿಯ ವಿಷಯ. ಹಾರ್ಮೋನಿಯಂನಲ್ಲಿ ಶ್ರುತಿ ಬದಲಾದರೆ ಬೆರಳೂ ಜಾಗ ಬದಲಿಸಬೇಕು. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅನ್ನುವ ಸೋಮಾರಿ ಗುಂಡಿ ಇದೆ. ಒಂದು ಸಲ ಒತ್ತಿದರೆ ಎಲ್ಲವೂ ಒಂದು ಮನೆ ಮೇಲೆ, ಬೆರಳು ಇದ್ದಲ್ಲೇ. ಮಂಡ್ಯದ ಕಲಾಮಂದಿರದಲ್ಲಿ ಒಂದು ರಾತ್ರಿ. ನಮ್ಮ ದುರ್ಯೋಧನನದು ಕರಿ ಒಂದು ಶ್ರುತಿ, ಅಂದರೆ ಮೊದಲ ಕಪ್ಪು ಕೀಲಿಯೇ ಅವನ ಷಡ್ಜ, ‘ಸ’. ದ್ರೌಪದಿಯದು ಬಿಳಿ ನಾಲ್ಕು. ಅವಳ ಹಾಡು ಮುಗಿದಾಗ ಟ್ರಾನ್ಸ್‌ಪೋಸನ್ನು ವಾಪಸ್ ಸೊನ್ನೆಗೆ ತರುವುದನ್ನು ಮರೆತು ಚಹಾ ಕುಡಿಯುತ್ತಾ ಕೂತೆ. ಸೈಡ್ ವಿಂಗ್‌ನಿಂದ ದುರ್ಯೋಧನ ನನ್ನ ಷಡ್ಜ ಹಿಡಿದೇ ಹಾಡುತ್ತಾ ಬಂದ, ನಾಲ್ಕು ಮನೆ ಮೇಲೆ. ಮಧ್ಯಸ್ಥಾಯಿ ಹೇಗೋ ದಾಟಿತು. ತಾರಷಡ್ಜಕ್ಕೆ ಹೋದಾಗ ಗಂಟಲು ಒಡೆದು ಕೋಳಿ ಕೂಗಿದ ಹಾಗಾಯಿತು. ಶಿಳ್ಳೆಗಳು ಬಿದ್ದವು, ಅವನು ಬಯಸಿದಂಥವಲ್ಲ. ಎಲ್ಲರಿಗಿಂತ ಹೆಚ್ಚು ದುಡ್ಡು ಕೊಟ್ಟು ಪಾತ್ರ ಹಿಡಿದವನು, ನೆಂಟರನ್ನೆಲ್ಲಾ ಕರೆಸಿದ್ದ. ಬೆಳಗಿನ ಜಾವ ಬಣ್ಣ ಒರೆಸಿಕೊಳ್ಳುತ್ತಾ ಅಂದದ್ದು ಇಷ್ಟೇ: ‘ನನ್ನನ್ನ ಭೀಮ ಕೊಂದಿದ್ದಲ್ಲ ಮೇಷ್ಟ್ರೇ, ನೀವು.’ ಮನೆಗೆ ಬಂದು ಮೊದಲು ಮಾಡಿದ ಕೆಲಸ ಆ ಚೀಟಿ.

ಕ್ಲಾರಿಯೋನೆಟ್ ವಿಷಯ ಬಾಕಿ ಇದೆ. ನಾಟಕಗಳಿಗೆ ಮೊದಲು ಒಬ್ಬ ಕ್ಲಾರಿಯೋನೆಟ್ ಹಿರಿಯರು ಬರುತ್ತಿದ್ದರು. ಹಗಲು ಬ್ಯಾಂಡ್‌ಸೆಟ್, ರಾತ್ರಿ ನಾಟಕ. ರೆಕಾರ್ಡ್ ಮಾಡಿದ ದನಿಯ ಕೀಬೋರ್ಡು ನನ್ನ ಕೈಗೆ ಬಂದ ವರ್ಷ ಕಂಟ್ರಾಕ್ಟರ್ ಕೇಳಿದ: ‘ಕ್ಲಾರಿಯೋನೆಟ್ಟೂ ನೀವೇ ನೋಡ್ಕೋತೀರಾ?’ ಹೂಂ ಅಂದೆ. ಸಂಭಾವನೆ ಸ್ವಲ್ಪ ಜಾಸ್ತಿ ಆಯಿತು. ಆ ಹಿರಿಯರು ಒಂದು ನಾಟಕಕ್ಕೆ ಸುಮ್ನೆ ನೋಡಲು ಬಂದು, ನನ್ನ ಹಿಂದೆ ಕೂತು ಪೂರ್ತಿ ಕೇಳಿದರು. ‘ಉಸಿರು ತಗೊಳ್ದೆ ಎಷ್ಟೊತ್ತು ಊದುತ್ತಪ್ಪ ಇದು’ ಅಂದರು. ಅಂದಿನಿಂದ ಕ್ಲಾರಿಯೋನೆಟ್ ಟೋನ್ ಹಾಕಿದಾಗೆಲ್ಲಾ ಮನುಷ್ಯನಿಗೆ ಉಸಿರು ಬೇಕಾದ ಕಡೆ ಬೆರಳು ಎತ್ತುತ್ತೇನೆ. ಅಷ್ಟರಿಂದ ಅವರಿಗೇನೂ ಸಿಗಲಿಲ್ಲ ಅನ್ನುವುದು ನನಗೂ ಗೊತ್ತು.

ಈಗ ರಸಮಂಜರಿಯವರು ನನ್ನನ್ನು ಕರೆಯುವುದಿಲ್ಲ. ಗಾಯಕರೇ ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ತರುತ್ತಾರೆ. ಹೋದ ಗಣೇಶನ ಹಬ್ಬದಲ್ಲಿ ಪ್ರೇಕ್ಷಕನಾಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪೂರ್ತಿ ಕೇಳಿದೆ.

ನಾಟಕದವರು ಮಾತ್ರ ಇನ್ನೂ ಕರೆಯುತ್ತಾರೆ. ಕಂದಕ್ಕೆ ಟ್ರ್ಯಾಕ್ ಹಾಕಲು ಆಗುವುದಿಲ್ಲ ಅಲ್ವಾ, ದುರ್ಯೋಧನ ಎಲ್ಲಿ ನಿಲ್ಲಿಸುತ್ತಾನೋ ಪೆನ್‌ಡ್ರೈವ್‌ಗೆ ಹೇಗೆ ಗೊತ್ತಾಗಬೇಕು? ಬರುವ ಶನಿವಾರ ಮಂಡ್ಯದಲ್ಲಿ ಒಂದಿದೆ. ಪ್ಲಾಸ್ಟರ್ ಮೇಲಿನ ಶಾಯಿ ಮಾಸಿದೆ. ಇನ್ನೊಂದು ಸಲ ತಿದ್ದಿ ಬರೆಯಬೇಕು.