ಅಂಚೆಡಬ್ಬಿಯ ಮೇಲಿನ ಕಮ್ಮಾರ

ನಾವಿರುವ ಕಟ್ಟಡದ ಬಾಗಿಲು ದಾಟಿ ಒಳಗೆ ಬಂದರೆ ಎಡಗಡೆ ಗೋಡೆಗೆ ಸಾಲಾಗಿ ಅಂಚೆಡಬ್ಬಿಗಳು. ಹದಿನೆಂಟು ಮನೆ, ಹದಿನೆಂಟು ಡಬ್ಬಿ, ಒಂದೊಂದರ ಮೇಲೂ ಒಂದು ಹೆಸರಿನ ಚೀಟಿ. ಬಾರ್ಸಿಲೋನಾಕ್ಕೆ ಬಂದ ಹೊಸತರಲ್ಲಿ ಭಾಷೆ ಬರುತ್ತಿರಲಿಲ್ಲ. ಲಿಫ್ಟ್ ಇಳಿದು ಬರುವವರೆಗೂ ಸುಮ್ನೆ ಆ ಹೆಸರುಗಳನ್ನೇ ಓದುತ್ತಾ ನಿಲ್ಲುತ್ತಿದ್ದೆ. ಫುಸ್ತೆರ್, ಸಬಾತೆರ್, ವಿದಾಲ್, ಪುಚ್. ನಮ್ಮ ಮೇಲಿನ ಮನೆಯ ಡಬ್ಬಿಯ ಮೇಲೆ ಫೆರ್ರೆರ್.

ಆ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಒಂದು ದಿನ ಸಂತೆ ಚೀಲ ಹಿಡಿದು ಲಿಫ್ಟಿಗೆ ಕಾಯುತ್ತಿದ್ದವರು ನನ್ನ ಡಬ್ಬಿಯ ಮೇಲಿನ ಚೀಟಿಗೆ ಬೆರಳಿಟ್ಟು, ಈ ಕಮ್ಮಾರ ಅಂದರೇನು, ಊರ ಹೆಸರಾ ಅಂತ ಕೇಳಿದರು. ನನಗೆ ಬರುತ್ತಿದ್ದ ಅಷ್ಟಿಷ್ಟು ಸ್ಪ್ಯಾನಿಷ್‌ನಲ್ಲಿ, ಕಬ್ಬಿಣ ಕಾಯಿಸಿ ಬಡಿಯುವವರು, ನಮ್ಮಜ್ಜ ಅದನ್ನೇ ಮಾಡುತ್ತಿದ್ದರು ಅಂದೆ. ಅಜ್ಜಿ ಚೀಲ ಕೆಳಗಿಟ್ಟು ಎದೆ ಮೇಲೆ ಕೈ ಇಟ್ಟುಕೊಂಡರು. "ಹಾಗಾದ್ರೆ ನೀನು ನಮ್ಮವಳೇ ಕಣಮ್ಮ. ಫೆರ್ರೆರ್ ಅಂದರೂ ಅದೇ!"

ನಾನು ಸಂಡೂರು ಕಡೆಯವಳು. ಮಣ್ಣೇ ಕಬ್ಬಿಣವಾಗಿರುವ ಊರು ಅದು. ಅಲ್ಲಿಂದ ಇಷ್ಟು ದೂರ ಬಂದು ಗೋಡೆ ಮೇಲಿನ ಚೀಟಿಯಲ್ಲಿ ನಮ್ಮ ಮನೆಯ ಹೆಸರೇ ಕಂಡರೆ ಹೇಗಾಗಬೇಡ ಹೇಳಿ. ಅವತ್ತಿನಿಂದ ಈ ಹೆಸರಿನ ಬೆನ್ನು ಹತ್ತಿದ್ದೇನೆ.

ಲ್ಯಾಟಿನ್‌ನಲ್ಲಿ ಕಬ್ಬಿಣಕ್ಕೆ ಫೆರ್ರುಮ್. ಕಬ್ಬಿಣದ ಕೆಲಸದವನು ಫೆರ್ರಾರಿಯುಸ್. ಅದೇ ಈ ಬಾರ್ಸಿಲೋನಾ ಕಡೆಯ ಕತಲಾನ್ ಭಾಷೆಯಲ್ಲಿ, ಪಿರನೀಸ್ ಬೆಟ್ಟಗಳ ಆಚೆ ದಕ್ಷಿಣ ಫ್ರಾನ್ಸಿನ ಒಕ್ಸಿತಾನ್ ಭಾಷೆಯಲ್ಲಿ ಫೆರ್ರೆರ್ ಆಯಿತು. ಇವೆರಡೂ ಅಕ್ಕತಂಗಿ ಭಾಷೆಗಳು. ಒಂದನ್ನು ಬಲ್ಲವರು ಇನ್ನೊಂದನ್ನು ಮುಕ್ಕಾಲು ಪಾಲು ಹಿಡಿಯುತ್ತಾರೆ. ಸ್ಪೇನಿಗೂ ಫ್ರಾನ್ಸಿಗೂ ಆದ 1659ರ ಒಪ್ಪಂದದಲ್ಲಿ ಬೆಟ್ಟದ ಆಚೆಗಿದ್ದ ಕತಲಾನ್ ನಾಡಿನ ತುಂಡು ಫ್ರಾನ್ಸಿಗೆ ಸೇರಿತು, ಆದರೆ ಹೆಸರುಗಳಿಗೆ ಗಡಿ ಗೊತ್ತಾಗಲಿಲ್ಲ. ಅಲ್ಲಿನ ಪೆರ್ಪಿಞ್ಞಾನ್ ಕಡೆ ಹೋದರೆ ಇವತ್ತಿಗೂ ಫೆರ್ರೆರ್‌ಗಳು ಸಿಗುತ್ತಾರೆ. ಅದೇ ಲ್ಯಾಟಿನ್ ಬೇರಿನಿಂದ ಇಟಲಿಯಲ್ಲಿ ಫೆರ್ರಾರಿ, ಫೆರ್ರೆರೊ ಬಂದವು, ಸ್ಪ್ಯಾನಿಷ್‌ನಲ್ಲಿ ಎರ್ರೆರೊ ಬಂತು. ಕೆಂಪು ಕಾರು, ಬಂಗಾರದ ಕಾಗದದ ಚಾಕಲೇಟು, ಎರಡರ ಹೆಸರಿನ ಹಿಂದೆಯೂ ಒಬ್ಬ ಕಮ್ಮಾರನಿದ್ದಾನೆ. ಕಮ್ಮಾರನಿಗೆ ಲ್ಯಾಟಿನ್‌ನಲ್ಲಿ ಫಾಬೆರ್ ಅಂತ ಇನ್ನೊಂದು ಮಾತೂ ಇತ್ತು. ಅದು ಒಕ್ಸಿತಾನ್ ನಾಡಿನಲ್ಲಿ ಫಾಬ್ರ್, ಫೋರ್ ಅಂತ ಉಳಿದಿದೆ. ಜೀವನವಿಡೀ ಹುಳಹುಪ್ಪಟೆಗಳನ್ನು ನೋಡುತ್ತಾ ಕೂತ ಝಾಂ ಆನ್ರಿ ಫಾಬ್ರ್ ಆ ಕಡೆಯವನೇ, ಹುಟ್ಟಿದ್ದು 1823ರಲ್ಲಿ.

ಕರೆಯುವ ರೀತಿಯಲ್ಲಿ ಒಂದು ಮಜಾ ಇದೆ. ಬಾರ್ಸಿಲೋನಾದವರು ಕೊನೆಯ ರಕಾರವನ್ನು ನುಂಗಿಬಿಡುತ್ತಾರೆ. ಅವರ ಬಾಯಲ್ಲಿ ಇದು ಫರ್ರೇ. ವಲೆನ್ಸಿಯಾದ ಸಹೋದ್ಯೋಗಿಯೊಬ್ಬರು ಮಾತ್ರ ಫೆರ್ರೆರ್ ಅಂತ ಕೊನೆಯ ರಕಾರವನ್ನು ಸರಿಯಾಗಿ ಉರುಳಿಸಿ ಹೇಳುತ್ತಾರೆ. ನಮ್ಮ ಧಾರವಾಡದವರು, ಮೈಸೂರಿನವರು ಒಂದೇ ಮಾತನ್ನು ಎರಡು ಥರ ಹೇಳುತ್ತಾರಲ್ಲ, ಹಾಗೇ. ಕಿವಿಗೆ ಬಿದ್ದಂತೆ ಬರೆದುಕೊಂಡವರಿಂದ ಫೆರ್ರೆ, ಫರ್ರೆ, ಫರ್ರೆಸ್ ಅಂತ ಬೇರೆ ಬೇರೆ ಹೆಸರುಗಳೇ ಹುಟ್ಟಿವೆ. ಎಲ್ಲವೂ ಒಂದೇ ಕುಲುಮೆಯ ಮಕ್ಕಳು.

ಮೊದಮೊದಲು ಇದು ಗುರುತಿಗೆ ಇಟ್ಟ ಮಾತು, ಅಷ್ಟೇ. ಊರಲ್ಲಿ ಪೆರೆ ಅನ್ನುವ ಹೆಸರಿನವರು ನಾಲ್ಕು ಜನ ಇದ್ದರೆ ಕಮ್ಮಾರ ಪೆರೆ ಯಾರು, ಬೆಟ್ಟದ ಮೇಲಿನ ಪೆರೆ ಯಾರು ಅಂತ ಬೇರೆ ಮಾಡಬೇಕಲ್ಲ. ಮಧ್ಯಯುಗದಲ್ಲಿ ನಿಧಾನಕ್ಕೆ ಇದು ಅಪ್ಪನಿಂದ ಮಗನಿಗೆ ಬರತೊಡಗಿತು. 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆಯವರು ಚರ್ಚುಗಳಲ್ಲಿ ನಾಮಕರಣ, ಮದುವೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು ಅಂತ ಕಟ್ಟಳೆ ಮಾಡಿದ ಮೇಲೆ ಗಟ್ಟಿಯಾಗಿ ಕೂತಿತು. ಕುಲುಮೆ ತಣ್ಣಗಾದರೂ ಹೆಸರು ಹೋಗಲಿಲ್ಲ.

ಬಾರ್ಸಿಲೋನಾದ ಹಳೇ ಊರಿನಲ್ಲಿ, ಸಾಂತಾ ಮರಿಯಾ ದೆಲ್ ಮಾರ್ ಚರ್ಚಿನ ಸುತ್ತ ಓಡಾಡಿದರೆ ಇದು ಕಣ್ಣಿಗೇ ಕಾಣುತ್ತದೆ. ಟೋಪಿ ಮಾಡುವವರ ಬೀದಿ, ಕನ್ನಡಿ ಮಾಡುವವರ ಬೀದಿ, ಸೂಜಿಯವರ ಬೀದಿ, ಕತ್ತಿಯವರ ಬೀದಿ, ಬೆಳ್ಳಿ ಕೆಲಸದವರ ಬೀದಿ. ಎರಡು ಜನ ಎದುರುಬದುರಾದರೆ ಭುಜ ತಾಗುವಷ್ಟು ಕಿರಿದು. ಇಲ್ಲಿನ ಅಡ್ಡಹೆಸರುಗಳ ಅರ್ಥ ಬಿಡಿಸುತ್ತಾ ಹೋದ ಹಾಗೆ ನನಗೆ ನಮ್ಮೂರ ಶಾಲೆಯ ಹಾಜರಿ ಪುಸ್ತಕ ಓದಿದಂತಾಯಿತು. ಫುಸ್ತೆರ್ ಅಂದರೆ ಬಡಿಗೇರ. ಒಲ್ಯೆರ್ ಅಂದರೆ ಕುಂಬಾರ. ಅರ್ಜೆಂತೆರ್ ಅಂದರೆ ಪತ್ತಾರ. ತೆಶಿದೋರ್ ಅಂದರೆ ನೇಕಾರ. ಸಾಸ್ತ್ರೆ ಅಂದರೆ ಸಿಂಪಿಗೇರ.

ಒಂದು ವ್ಯತ್ಯಾಸ ಮಾತ್ರ ಹೇಳಲೇಬೇಕು. ನಮ್ಮಲ್ಲಿ ಕಮ್ಮಾರ ಅಂದ ಕೂಡಲೇ ಜಾತಿ ತಿಳಿಯುತ್ತದೆ. ಮುಂದಿನ ಪ್ರಶ್ನೆ ಏನು, ಮನೆಯ ಒಳಗೆ ಎಲ್ಲಿಯವರೆಗೆ ಬರಬಹುದು, ಎಲ್ಲ ಅದರ ಮೇಲೆ. ಇಲ್ಲಿ ಫೆರ್ರೆರ್ ಅಂದರೆ ಯಾರೂ ಏನೂ ಅಂದುಕೊಳ್ಳಲ್ಲ. ಆದರೆ ಇಲ್ಲಿ ಹೆಸರಿನಿಂದ ನೋವು ಅನುಭವಿಸಿದವರೇ ಇಲ್ಲ ಅಂದುಕೊಳ್ಳಬೇಡಿ. ಮಾಯೋರ್ಕಾ ದ್ವೀಪದಲ್ಲಿ ಹಿಂದೆ ಮತಾಂತರ ಆದ ಯಹೂದಿಗಳ ವಂಶದವರು ಅಂತ 15 ಅಡ್ಡಹೆಸರಿನವರನ್ನು ಶತಮಾನಗಳ ಕಾಲ ದೂರ ಇಟ್ಟಿದ್ದರು. ಅವರಿಗೆ ಹೊರಗಿನವರು ಹೆಣ್ಣು ಕೊಡುತ್ತಿರಲಿಲ್ಲ, ತರುತ್ತಿರಲಿಲ್ಲ. ಆ 15ರಲ್ಲಿ ಫುಸ್ತೆರ್ ಕೂಡ ಇದೆ. ಅದನ್ನು ತಿಳಿದ ದಿನ ನನಗೆ ಊಟ ಸೇರಲಿಲ್ಲ, ಯಾಕೆ ಅಂತ ಕೊನೆಗೆ ಹೇಳ್ತೀನಿ.

ನಮ್ಮಜ್ಜನ ಕುಲುಮೆ ನಾನು ಕಂಡಿದ್ದೇನೆ. ಮಳೆಗಾಲಕ್ಕೆ ಮುಂಚೆ ಬೆಳಗಿನ ಜಾವಕ್ಕೇ ರೈತರು ಬಂದು ಕೂರುತ್ತಿದ್ದರು. ಕುಂಟೆಯ ಕುಡ, ನೇಗಿಲಿನ ಗುಳ, ಕುಡುಗೋಲು, ಎಲ್ಲ ಹಣಿಸಿಕೊಂಡು ಹೋಗಬೇಕು. ನಮ್ಮಜ್ಜಿ ತಿದಿ ಒತ್ತುತ್ತಿದ್ದರು. ಅಜ್ಜ ಇಕ್ಕಳದಲ್ಲಿ ಕೆಂಪಗೆ ಕಾದ ಗುಳ ಹಿಡಿದು ಅಡಿಗಲ್ಲಿನ ಮೇಲಿಟ್ಟರೆ ಚಿಕ್ಕಪ್ಪ ಎದುರು ನಿಂತು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಕೊನೆಗೆ ನೀರಿನ ದೋಣಿಗೆ ಅದ್ದಿದಾಗ ಚುಂಯ್ ಅಂತ ಸದ್ದು, ಆ ಒಂಥರಾ ಹುಳಿ ವಾಸನೆ. ಕೈಗೆ ದುಡ್ಡು ಬರುತ್ತಿದ್ದದ್ದು ಕಡಿಮೆ. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಆಯ ಕೊಡುತ್ತಿದ್ದರು, ಜೋಳವೋ ನವಣೆಯೋ. ಈಗ ಕುಲುಮೆ ಇದ್ದ ಜಾಗದಲ್ಲಿ ಬೈಕ್ ನಿಲ್ಲಿಸುತ್ತಾರೆ.

ಹಾಗಾಗಿ ಇಲ್ಲಿನ ಹಳೇ ಕುಲುಮೆ ನೋಡಲೇಬೇಕು ಅನಿಸಿತು. ರೈಲಿನಲ್ಲಿ ಸುಮಾರು ಎರಡು ಗಂಟೆ ಉತ್ತರಕ್ಕೆ, ಪಿರನೀಸ್ ಬುಡದಲ್ಲಿ ರಿಪೋಲ್ ಅಂತ ಊರಿದೆ. ತೆರ್, ಫ್ರೆಸೆರ್ ಎರಡು ಹೊಳೆ ಕೂಡುವ ಜಾಗ. ಮೊಳೆಗೆ, ಬಂದೂಕಿಗೆ ಒಂದು ಕಾಲದಲ್ಲಿ ಹೆಸರಾಗಿತ್ತು. ಅಲ್ಲಿ ಫಾರ್ಗಾ ಪಲಾವ್ ಅಂತ ಹಳೆಯ ಕುಲುಮೆಯನ್ನು ಜೋಪಾನವಾಗಿ ಇಟ್ಟಿದ್ದಾರೆ. ಒಳಗೆ ಹೋಗಿ ನಾನು ಮೊದಲು ಹುಡುಕಿದ್ದು ತಿದಿ. ಎಲ್ಲೂ ಇಲ್ಲ! ಗಾಳಿ ಊದುವ ಕೆಲಸ ನೀರಿನದು. ಮೇಲಿನ ತೊಟ್ಟಿಯಿಂದ ನೀರು ಇಕ್ಕಟ್ಟಾದ ಕೊಳವೆಯಲ್ಲಿ ರಭಸವಾಗಿ ಬೀಳುತ್ತದೆ, ಬೀಳುವಾಗ ಪಕ್ಕದ ತೂತುಗಳಿಂದ ಗಾಳಿ ಎಳೆದುಕೊಳ್ಳುತ್ತದೆ, ಕೆಳಗಿನ ಪೆಟ್ಟಿಗೆಯಲ್ಲಿ ನೀರು ಒಂದು ಕಡೆ ಹರಿದುಹೋದರೆ ಒಳಗೆ ಸಿಕ್ಕಿಕೊಂಡ ಗಾಳಿ ಮೂತಿಯಿಂದ ಬೆಂಕಿಗೆ ನುಗ್ಗುತ್ತದೆ. ಮರದ ದಿಮ್ಮಿಗೆ ಕಟ್ಟಿದ ದೈತ್ಯ ಸುತ್ತಿಗೆಯನ್ನು ಎತ್ತುವುದೂ ನೀರಿನ ಚಕ್ರವೇ. ಈ ಪದ್ಧತಿಗೆ ಕತಲಾನ್ ಕುಲುಮೆ ಅಂತಲೇ ಹೆಸರು, ಬೆಟ್ಟದ ಆಚೆ ಒಕ್ಸಿತಾನ್ ನಾಡಿನ ಆರಿಯೇಜ್‌ನಲ್ಲೂ ಕಬ್ಬಿಣ ತೆಗೆಯುತ್ತಿದ್ದದ್ದು ಹೀಗೇ. ನನಗೆ ನೆನಪಾದದ್ದು ನಮ್ಮಜ್ಜಿಯ ಕೈ. ಆ ಕೈಯ ಕೆಲಸವನ್ನು ಇಲ್ಲಿ ಒಂದು ಹೊಳೆ ಮಾಡುತ್ತಿತ್ತು.

ಈ ಹೆಸರು ಹೊತ್ತವರಲ್ಲಿ ಹಳೆಯ ಕಾಲದಿಂದಲೂ ಗಟ್ಟಿಗರಿದ್ದಾರೆ. 1346ರ ಆಗಸ್ಟ್ 10ರಂದು ಮಾಯೋರ್ಕಾದಿಂದ ಚಿನ್ನದ ನದಿ ಹುಡುಕಿಕೊಂಡು ಆಫ್ರಿಕಾ ಕಡೆ ಹಡಗು ಬಿಟ್ಟ ಜಾವುಮೆ ಫೆರ್ರೆರ್ ಒಬ್ಬ. 1375ರ ಸುಮಾರಿನ ಕತಲಾನ್ ನಕಾಶೆಯ ಮೂಲೆಯಲ್ಲಿ ಅವನ ಹಡಗಿನ ಚಿತ್ರವಿದೆ, ಪಕ್ಕದಲ್ಲಿ ಅವನು ಹೊರಟ ದಿನ ಬರೆದಿದೆ. ವಲೆನ್ಸಿಯಾದಲ್ಲಿ 1350ರಲ್ಲಿ ಹುಟ್ಟಿದ ಸಂತ ವಿಸೆಂತ್ ಫೆರ್ರೆರ್ ಊರೂರು ಸುತ್ತಿ ಉಪದೇಶ ಮಾಡಿದವನು. 1412ರಲ್ಲಿ ಅರಗೋನ್‌ಗೆ ರಾಜ ಯಾರು ಅಂತ ತೀರ್ಮಾನ ಮಾಡಿದ ಒಂಬತ್ತು ಜನರಲ್ಲಿ ಅವನೂ ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಬೊನಿಫಾಸಿಯೂ ಇದ್ದರು. ವಲೆನ್ಸಿಯಾದವರಿಗೆ ಅವನೆಂದರೆ ಪ್ರಾಣ. ಆದರೆ ಅವನ ಉಪದೇಶದ ಕಾಲದಲ್ಲಿ ಯಹೂದಿಗಳನ್ನು ಮತಾಂತರಕ್ಕೆ ಒತ್ತಾಯಿಸಿದ್ದೂ ನಿಜ. ಅದನ್ನು ಬಿಟ್ಟು ಬರೀ ಪವಾಡ ಹೇಳಿದರೆ ಆ ಜನರಿಗೆ ಅನ್ಯಾಯ ಮಾಡಿದಂತೆ.

ನನಗೆ ಹೆಚ್ಚು ಹತ್ತಿರದವನು ಫ್ರಾನ್ಸೆಸ್ಕ್ ಫೆರ್ರೆರ್ ಇ ಗ್ವಾರ್ದಿಯಾ. 1901ರಲ್ಲಿ ಇದೇ ಊರಲ್ಲಿ ಆಧುನಿಕ ಶಾಲೆ ಅಂತ ತೆಗೆದ. ಹುಡುಗ ಹುಡುಗಿಯರು ಒಟ್ಟಿಗೆ ಕೂರಬೇಕು, ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಒಂದೇ ಕೋಣೆಯಲ್ಲಿ, ಪರೀಕ್ಷೆ ಇಲ್ಲ, ಶಿಕ್ಷೆ ಇಲ್ಲ, ಧರ್ಮದ ಪಾಠ ಇಲ್ಲ. 1909ರಲ್ಲಿ ಬಾರ್ಸಿಲೋನಾ ಹೊತ್ತಿ ಉರಿದಾಗ ಆ ದಂಗೆಯ ತಪ್ಪನ್ನು ಅವನ ತಲೆಗೆ ಕಟ್ಟಿ, ಮಿಲಿಟರಿ ವಿಚಾರಣೆ ಮುಗಿಸಿ, ಅಕ್ಟೋಬರ್ 13ರಂದು ಮೊಂಜುಯಿಕ್ ಕೋಟೆಯಲ್ಲಿ ಗುಂಡಿಟ್ಟರು. ಯುರೋಪಿನ ಎಷ್ಟೋ ಊರುಗಳಲ್ಲಿ ಜನ ಬೀದಿಗಿಳಿದರು.

ಟೆನಿಸ್ ನೋಡುವವರಿಗೆ 2013ರಲ್ಲಿ ಫ್ರೆಂಚ್ ಓಪನ್ ಫೈನಲ್ ಆಡಿದ ದಾವಿದ್ ಫೆರ್ರೆರ್ ಗೊತ್ತು. ಹೆಸರು ಸಮುದ್ರ ದಾಟಿಯೂ ಹೋಗಿದೆ. ಪೋರ್ಟೊ ರಿಕೊದಲ್ಲಿ ಹುಟ್ಟಿ ಆಸ್ಕರ್ ಗೆದ್ದ ನಟ ಹೋಸೆ ಫೆರ್ರೆರ್, ಎಪ್ಪತ್ತರ ವಯಸ್ಸಿನಲ್ಲಿ ಜಗತ್ತಿನ ಕಿವಿಗೆ ಬಿದ್ದ ಕ್ಯೂಬಾದ ಹಾಡುಗಾರ ಇಬ್ರಾಹಿಂ ಫೆರ್ರೆರ್.

ಇವರೆಲ್ಲರಿಗಿಂತ ಮೊದಲು ನಾನು ಕೇಳಿದ್ದ ಫೆರ್ರೆರ್ ಬೇರೆ. ಆದರೆ ಅದು ಅಡ್ಡಹೆಸರು ಅಂತಲೇ ಗೊತ್ತಿರಲಿಲ್ಲ. ಕಲ್ಯಾಣದುರ್ಗದ ಕಡೆ ನಮ್ಮ ಸಂಬಂಧಿಕರಿದ್ದಾರೆ. ಅನಂತಪುರ ಜಿಲ್ಲೆ 1882ರಲ್ಲಿ ನಮ್ಮ ಬಳ್ಳಾರಿಯಿಂದಲೇ ಒಡೆದು ಆದದ್ದು, ಹಾಗಾಗಿ ನೆಂಟಸ್ತನ ಆ ಕಡೆ ಈ ಕಡೆ ಈಗಲೂ ಇದೆ. ಅಲ್ಲಿ ಹೋದಾಗಲೆಲ್ಲ "ಫಾದರ್ ಆಸ್ಪತ್ರೆ", "ಫಾದರ್ ಮನೆಗಳು" ಅಂತ ಕಿವಿಗೆ ಬೀಳುತ್ತಿತ್ತು. ಯಾರದೋ ಮನೆಯಲ್ಲಿ ದೇವರ ಪಟಗಳ ಪಕ್ಕ ಬಿಳಿ ಕೂದಲಿನ ಒಬ್ಬ ವಿದೇಶಿ ಮುದುಕರ ಫೋಟೊ. ಅವರೇ ವಿಸೆಂಟೆ ಫೆರ್ರೆರ್, 1920ರಲ್ಲಿ ಹುಟ್ಟಿದ್ದು ಬಾರ್ಸಿಲೋನಾದಲ್ಲಿ. 1952ರಲ್ಲಿ ಜೆಸ್ಯೂಟ್ ಆಗಿ ಮುಂಬೈಗೆ ಬಂದರು. ಮಹಾರಾಷ್ಟ್ರದ ಮನಮಾಡದಲ್ಲಿ ರೈತರ ಜತೆ ಬಾವಿ ತೋಡಿದರು. 1968ರಲ್ಲಿ ದೇಶ ಬಿಟ್ಟು ಹೋಗಿ ಅಂತ ಸರಕಾರ ಹೇಳಿದಾಗ ಅವರ ಪರವಾಗಿ ಸಾವಿರಾರು ರೈತರು ಮುಂಬೈವರೆಗೆ ನಡೆದರು. ಮರುವರ್ಷ ತಿರುಗಿ ಬಂದವರು ನೆಲೆ ನಿಂತದ್ದು ಅನಂತಪುರದಲ್ಲಿ. ಆ ನೆಲದ ಬರ ನಿಮಗೆ ಹೇಳಬೇಕಾಗಿಲ್ಲ. ಪಾದ್ರಿತನ ಬಿಟ್ಟು ಆನ್ ಪೆರ್ರಿಯವರನ್ನು ಮದುವೆಯಾದರು. ಇಬ್ಬರೂ ಸೇರಿ ಆರ್‌ಡಿಟಿ, ಅಂದರೆ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಅನ್ನುವ ಸಂಸ್ಥೆ ಕಟ್ಟಿದರು. ದಲಿತರ ಕೇರಿಗಳಲ್ಲಿ ಶಾಲೆ, ಬತ್ತಲಪಲ್ಲಿಯಲ್ಲಿ ಆಸ್ಪತ್ರೆ, ಸಾವಿರಾರು ಮನೆ. ಮನೆಗಳ ಹಕ್ಕುಪತ್ರ ಹೆಂಗಸರ ಹೆಸರಿನಲ್ಲಿ. 2009ರ ಜೂನ್ 19ರಂದು ತೀರಿಕೊಂಡರು, ಆ ಮಣ್ಣಿನಲ್ಲೇ ಇದ್ದಾರೆ.

ಬಾರ್ಸಿಲೋನಾದಲ್ಲಿ ಬಳ್ಳಾರಿ ಅಂದರೆ ಯಾರಿಗೂ ಗೊತ್ತಾಗಲ್ಲ. ಬೆಂಗಳೂರು ಅಂದರೆ ಕಂಪ್ಯೂಟರ್ ಅನ್ನುತ್ತಾರೆ. ಮೇಲಿನ ಮನೆ ಅಜ್ಜಿಗೆ ಅನಂತಪುರದ ಪಕ್ಕ ಅಂದಾಗ ಮಾತ್ರ ಅವರು ಎದ್ದು ಒಳಗೆ ಹೋದರು. ಬಿಸ್ಕತ್ತಿನ ಹಳೇ ಡಬ್ಬಿ ತಂದರು. ಅದರ ತುಂಬಾ ಕಾಗದ. ಇಪ್ಪತ್ತು ವರ್ಷದಿಂದ ಅಲ್ಲಿನ ಒಂದು ಹುಡುಗಿಯ ಓದಿಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತಾ ಬಂದಿದ್ದರಂತೆ. ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ ಪುಟ್ಟ ಹುಡುಗಿ, ಆಮೇಲೆ ಅದೇ ಹುಡುಗಿ ನರ್ಸ್ ಬಟ್ಟೆಯಲ್ಲಿ. ತೆಲುಗಿನಲ್ಲಿ ಬರೆದ ಕಾಗದದ ಮೂಲೆಯಲ್ಲಿ ಸ್ಕೆಚ್ ಪೆನ್ನಿನಿಂದ ಬಿಡಿಸಿದ ಒಂದು ರಂಗೋಲಿ. ಇದೇನು ಗಣಿತವಾ ಅಂತ ಕೇಳಿದರು. ಚುಕ್ಕಿ ಎಣಿಸಿ ತೋರಿಸಿದೆ, ಏಳರಿಂದ ಒಂದಕ್ಕೆ ಇಳಿಯುವ ರಂಗೋಲಿ. ಆ ಸಂಸ್ಥೆಯ ವಿಸೆಂಟೆ ಫೆರ್ರೆರ್ ನಿಮಗೆ ನೆಂಟರಾ ಅಂತ ಕೇಳಿದೆ. ಇಲ್ಲಮ್ಮ, ಹೆಸರು ಒಂದೇ ಅಂತ ಶುರು ಮಾಡಿದೆ, ಅಷ್ಟೇ ಅಂದರು.

ಇನ್ನು ಆ ಫುಸ್ತೆರ್ ವಿಷಯ. ಇಲ್ಲಿ ಎಲ್ಲರಿಗೂ ಎರಡು ಅಡ್ಡಹೆಸರು, ಒಂದು ಅಪ್ಪನದು, ಒಂದು ಅಮ್ಮನದು. ಕತಲಾನ್‌ನಲ್ಲಿ ನಡುವೆ "ಇ" ಹಾಕುತ್ತಾರೆ, ಮತ್ತು ಅಂತ ಅರ್ಥ. ಮದುವೆಯಾದ ಹೆಂಗಸರು ಹೆಸರು ಬದಲಿಸಲ್ಲ. ತಾಯಿಯ ಹೆಸರನ್ನೇ ಮೊದಲು ಇಡಬಹುದು ಅಂತ 1999ರಲ್ಲಿ ಕಾನೂನೂ ಬಂತು. ನಾನು ಬಂದ ವರ್ಷ ಒಂದು ಕಚೇರಿಯ ಅರ್ಜಿಯಲ್ಲಿ ಎರಡನೇ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟಿದ್ದಕ್ಕೆ ಮೂರು ಸಲ ವಾಪಸ್ ಕಳಿಸಿದ್ದರು. ಮೂರನೇ ಸಲ ಅಲ್ಲಿನ ಹುಡುಗಿ ಪೆನ್ನು ಹಿಡಿದು, ನಿನ್ನ ಅಮ್ಮನ ಹೆಸರು ಹೇಳು ಅಂದಳು. ಅವ್ವನ ಆಧಾರ್‌ನಲ್ಲೂ ರೇಷನ್ ಕಾರ್ಡಿನಲ್ಲೂ ಇರುವುದು ಕಮ್ಮಾರ. ಅಲ್ಲ, ಹುಟ್ಟಿದಾಗಿನದು ಅಂದಳು.

ಅವ್ವ ಹುಟ್ಟಿದ್ದು ಬಡಿಗೇರರ ಮನೆಯಲ್ಲಿ. ಮದುವೆಯಾದ ಮೇಲೆ ಆ ಹೆಸರನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಫೋನ್ ಮಾಡಿ, ಅವ್ವಾ ನಿನ್ನ ಹೆಸರು ಬೇಕಂತೆ ಇಲ್ಲಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬಡಿಗೇರ ಅಂತ ಬರೀ ಮಗಳ, ರ ಮುಂದ ದೀರ್ಘ ಹಾಕಬ್ಯಾಡ" ಅಂದಳು.

ಇದನ್ನೆಲ್ಲ ಅಜ್ಜಿಗೆ ಹೇಳಿದ ಮರುದಿನ ನಮ್ಮ ಅಂಚೆಡಬ್ಬಿಯ ಚೀಟಿ ಬದಲಾಗಿತ್ತು. ಹಳೇದನ್ನು ಕಿತ್ತಿರಲಿಲ್ಲ, ಕೆಳಗೆ ಇನ್ನೊಂದು ಅಂಟಿಸಿದ್ದರು. ನಡುಗುವ ಕೈಯ ನೀಲಿ ಅಕ್ಷರದಲ್ಲಿ: ಫೆರ್ರೆರ್ ಇ ಫುಸ್ತೆರ್.